ಕೆಳಗಿನ ಅಕ್ಷರ ಕಾಣುವಂತೆ

ಎಡಗಣ್ಣಿಗೆ ಒಂದು ಹನಿ, ಐದು ನಿಮಿಷ ಬಿಟ್ಟು ಇನ್ನೊಂದು ಬಾಟಲಿಯಿಂದ ಇನ್ನೊಂದು. ಅತ್ತೆ ಕುರ್ಚಿಯ ಬೆನ್ನಿಗೆ ತಲೆ ಆನಿಸಿ, ಹನಿ ಬೀಳುವುದು ಕಣ್ಣಿಗಲ್ಲ ಬಾಯಿಗೆ ಎನ್ನುವ ಹಾಗೆ ಬಾಯಿ ತೆರೆದುಕೊಂಡು ಕೂತಿದ್ದರು. ಅವಳು ಕೆಳರೆಪ್ಪೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಎಳೆದು, ಬಾಟಲಿಯ ಮೂತಿ ಎಲ್ಲಿಗೂ ತಾಗದಂತೆ ಹಿಡಿದು ಹಿಂಡಿದಳು. ಹನಿ ಬಿತ್ತು, ಅತ್ತೆ ಬೆಚ್ಚಿದರು, ಕೆನ್ನೆಯ ಮೇಲೆ ಇಳಿದದ್ದನ್ನು ಅವಳು ಹತ್ತಿಯಿಂದ ಒರೆಸಿದಳು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಸ್ಪತ್ರೆಯ ಚಾರ್ಟಿನಲ್ಲಿ ಗುರುತು ಹಾಕಲು ಹೋಗಿ, ಬೆಳಗಿನ ಎಂಟರ ಮನೆ ಬಿಟ್ಟು ಮಧ್ಯಾಹ್ನ ಹನ್ನೆರಡರ ಮನೆಯಲ್ಲಿ ಹಾಕಿಬಿಟ್ಟಳು. ಕೈ ತಾನಾಗಿ ಸರಿಪಡಿಸಿತು. ಗುರುತಿನ ಮೇಲೆ ಅಡ್ಡಕ್ಕೆ ಒಂದೇ ಗೆರೆ, ಪಕ್ಕದಲ್ಲಿ ಎರಡಕ್ಷರದ ಕಿರುಸಹಿ, ಅದರಡಿ ತಾರೀಖು.

"ಅದೇನೇ ಬರೀತಾ ಇದ್ದೀಯ ಅಷ್ಟುದ್ದ?" ಅತ್ತೆ ಆಪರೇಷನ್ ಆಗದ ಕಣ್ಣನ್ನು ಮಾತ್ರ ತೆರೆದು ಕೇಳಿದರು. "ಒಂದು ಟಿಕ್ ಹಾಕೋಕೆ ಸಹಿ ಬೇರೆ. ನನ್ನ ಕಣ್ಣೇನು ನಿಮ್ಮ ಕಂಪನಿ ರಿಜಿಸ್ಟರಾ?"

"ತಪ್ಪಾಯ್ತು ಅತ್ತೆ. ಮಧ್ಯಾಹ್ನದ್ದಕ್ಕೆ ಹಾಕಿಬಿಟ್ಟೆ."

"ಹಾಕಿದ್ದು ಹಾಕಿದೆ, ಇರಲಿ ಅಂತ ಬಿಡಬೇಕಿತ್ತು. ಹೇಗೂ ಕೈಯಲ್ಲಿ ಪೆನ್ನಿದೆ, ಸಂಜೇದೂ ಈಗಲೇ ಗೀಚಿಬಿಡು. ಹನಿ ಆಮೇಲೆ ಹಾಕಿದ್ರಾಯ್ತು. ಯಾರು ಬಂದು ನೋಡ್ತಾರೆ ಅದನ್ನ?"

ಪೆನ್ನಿನ ಮುಚ್ಚಳ ಹಾಕಲು ಹೋದ ಅವಳ ಕೈ ಅರ್ಧಕ್ಕೇ ನಿಂತಿತು. ಅತ್ತೆಯ ಮಾತಿಗಲ್ಲ, ಅಥವಾ ಅದಕ್ಕೂ ಇರಬಹುದು. ಆದರೆ ಮೊದಲು ನಿಂತದ್ದು ಆ ಕಿರುಸಹಿಯನ್ನು ಕಂಡು. ಹೆಸರು ಹಾಕದೆ ಕಳಿಸಿದ ದೂರುಪತ್ರದ ಮೂರನೆಯ ಹಾಳೆ. 'ಹನ್ನೆರಡನೆಯ ದಿನ' ಎಂದು ಬರೆದು, ಅಲ್ಲ ಅಲ್ಲ, ಹನ್ನೊಂದನೆಯ ದಿನ ಎಂದು ನೆನಪಾಗಿ, ಹೊಡೆದುಹಾಕಿ ಮೇಲೆ ಬರೆದಿದ್ದಳು. ಹೊಡೆದುಹಾಕಿದ್ದು ನೆನಪಿದೆ. ಪಕ್ಕದಲ್ಲಿ ಸಹಿ ಹಾಕಿದೆನೇ? ಮೂರು ವಾರದ ಹಿಂದಿನ ಭಾನುವಾರದ ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಇದೇ ಅಡುಗೆಮನೆಯ ಕಟ್ಟೆಯ ಮೇಲೆ, ತನ್ನ ಓರೆ ಬರಹವನ್ನು ಶಾಲೆಯ ಮಕ್ಕಳದರ ಹಾಗೆ ನೆಟ್ಟಗೆ ನಿಲ್ಲಿಸಿ, ಕೈಗೆ ಗ್ಲೌಸ್ ಕೂಡ ಹಾಕಿಕೊಂಡು (ನಗುವವರು ಯಾರೂ ಇಲ್ಲದಿದ್ದರೂ ಆಗಲೇ ನಗು ಬಂದಿತ್ತು) ಬರೆದ ನಾಲ್ಕು ಹಾಳೆ. ಎಂದೂ ಇಳಿಯದ ಸ್ಟಾಪಿನಲ್ಲಿ ಇಳಿದು, ಯಾವುದೋ ಬೀದಿಯ ಅಂಚೆಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಬಾಯೊಳಗೆ ಬೆರಳು ತೂರಿಸಿ ಒಳಗೆ ಬಿತ್ತೇ ಎಂದು ನೋಡಿ ಬಂದಿದ್ದಳು. ಇಷ್ಟೆಲ್ಲಾ ಮಾಡಿದವಳು ಆ ಒಂದು ಜಾಗದಲ್ಲಿ ಏನು ಮಾಡಿದಳು? ಕೈಯನ್ನು ಕೇಳಿದರೆ ಅದಕ್ಕೆ ನೆನಪಿಲ್ಲ. ಹದಿನೇಳು ವರ್ಷದಿಂದ ಅದು ಅವಳನ್ನು ಕೇಳದೆಯೇ ಹಾಕುತ್ತ ಬಂದಿದೆ. ಅಂಗಡಿಯ ಚೀಟಿಗೆ, ನಾದಿನಿಗೆ ಬರೆದ ವಿಳಾಸಕ್ಕೆ, ಈಗ ಫ್ರಿಜ್ಜಿಗೆ.

ಗಂಡ ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಕಾರು ಕಲಿಸುವ ಕೆಲಸ ಅವನದು. ವರ್ಷಗಟ್ಟಲೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ಎಲ್ಲಿ ಕೂತರೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಈಗಲೂ ಪೇಪರಿನಲ್ಲಿ ಏನೋ ಓದಿ ಕಾಲು ಒತ್ತಿದ. "ಮೊನ್ನೆ ಅಂಗಡೀಲಿ ಯಾವುದೋ ಬೇರೆ ಕಂಪನಿ ಹನಿ ತಂದಿದ್ದೀಯ," ಎಂದ, ತಲೆ ಎತ್ತದೆ. "ನಿಮ್ಮ ಕಂಪನೀದೇ ಫ್ರೀ ಸಿಗುತ್ತಲ್ಲ."

"ಡಾಕ್ಟರು ಇದನ್ನೇ ಬರೆದಿದ್ರು."

"ಚೀಟೀಲಿ ನಿಮ್ಮದೇ ಹೆಸರಿತ್ತಪ್ಪ, ನಾನೇ ಓದಿದೆ."

"ಸ್ಟಾಕ್ ಇರಲಿಲ್ಲ ಅಂದ್ರು," ಎಂದಳು. ಎರಡು ಉಸಿರಿನಲ್ಲಿ ಎರಡು ಸುಳ್ಳು, ಒಂದಕ್ಕೊಂದು ಹೊಂದದವು. ಅವನ ಕಾಲು ಮತ್ತೊಮ್ಮೆ ನೆಲ ಒತ್ತಿತು. ಅವನು ಕೇಳಲಿಲ್ಲ. ಕೇಳದೇ ಇರುವುದು ಅವನ ಒಳ್ಳೆಯತನವೋ ಹೆದರಿಕೆಯೋ ಅವಳು ಇನ್ನೂ ನಿರ್ಧರಿಸಿರಲಿಲ್ಲ.

ಬಸ್ಸಿನಲ್ಲಿ ನಿಂತವಳಿಗೆ ಕಣ್ಣುಗಳು ಮಾತ್ರ ಕಂಡವು. ಈಚೆಗೆ ಹಾಗೇ ಆಗಿದೆ. ಯಾರ ಮುಖವೂ ಇಡಿಯಾಗಿ ಕಾಣುವುದಿಲ್ಲ. ಕೆಂಪಗಾದದ್ದು, ಪಿಸರು ಕಟ್ಟಿದ್ದು, ಉಜ್ಜಿ ಉಜ್ಜಿ ಊದಿದ್ದು. ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಕೂತಿದ್ದ. ಧೂಳು ಬಿದ್ದಿರಬಹುದು, ಆಪರೇಷನ್ ಆಗಿರಬಹುದು, ಏನೂ ಇರಬಹುದು. ಅವನ ಜೇಬಿನಿಂದ ಇಣುಕುತ್ತಿದ್ದ ಬಾಟಲಿಯ ಮುಚ್ಚಳದ ಬಣ್ಣ ನೋಡಲು ಅವಳು ಇಡೀ ಎರಡು ಸ್ಟಾಪು ಕತ್ತು ಚಾಚಿದಳು. ನೀಲಿ. ತಮ್ಮ ಕಂಪನಿಯದು ಬಿಳಿ. ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ಆರು ಸಾವಿರ ಬಾಟಲಿ ಹೊರಗೆ ಹೋಗಿವೆ, ಒಬ್ಬ ಮುದುಕನ ಜೇಬಿನಲ್ಲಿ ನೀಲಿ ಮುಚ್ಚಳ ಕಂಡರೆ ಉಳಿದವು ವಾಪಸು ಬಂದಂತಾಯಿತೇ?

ಅವಳ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ನೋಡುವುದು. ಕಣ್ಣಿನ ಹನಿಯ ಪ್ರತಿ ಬ್ಯಾಚಿನಿಂದ ಇಪ್ಪತ್ತು ಬಾಟಲಿ ತೆಗೆದು, ಪೋಷಕ ದ್ರವ ತುಂಬಿದ ಇಪ್ಪತ್ತು ಗಾಜಿನ ಟ್ಯೂಬುಗಳಿಗೆ ಆ ಔಷಧಿ ಬೆರೆಸಿ, ಬೆಚ್ಚಗಿನ ಕಾವುಪೆಟ್ಟಿಗೆಯಲ್ಲಿ ಇಟ್ಟು, ಹದಿನಾಲ್ಕು ದಿನ, ದಿನಕ್ಕೊಮ್ಮೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು. ದ್ರವ ತಿಳಿಯಾಗಿದ್ದರೆ ರಿಜಿಸ್ಟರಿನ ಆ ದಿನದ ಮನೆಯಲ್ಲಿ 'ತಿಳಿ' ಎಂದು ಬರೆದು ಸಹಿ. ಕದಡಿದ್ದರೆ ಏನೋ ಬೆಳೆದಿದೆ, ಔಷಧಿ ಶುದ್ಧವಲ್ಲ, ಬ್ಯಾಚು ಹೊರಗೆ ಹೋಗಬಾರದು. ಹದಿನೈದನೆಯ ದಿನಕ್ಕೆ ಹೋಗಬೇಕಾದದ್ದು ಒಂದು ವರ್ಷದಿಂದ ಆರನೆಯ ದಿನಕ್ಕೇ ಹೋಗುತ್ತಿತ್ತು. ಬೆಳೆಯುವುದು ಐದು ದಿನದಲ್ಲಿ ಬೆಳೆದೇ ಬೆಳೆಯುತ್ತದೆ, ಉಳಿದ ಒಂಬತ್ತು ದಿನ ಶಾಸ್ತ್ರಕ್ಕೆ ಎಂದು ವಿಭಾಗದ ಮುಖ್ಯಸ್ಥರಾದ ಮೇಷ್ಟ್ರು ಹೇಳಿದ್ದರು. ಶಾಸ್ತ್ರಕ್ಕಾದರೂ ಮನೆಗಳು ತುಂಬಬೇಕಲ್ಲ. ಐದನೆಯ ದಿನವೇ ಕೂತು ಆರು, ಏಳು, ಎಂಟು, ಹದಿನಾಲ್ಕರವರೆಗೂ ತಿಳಿ, ತಿಳಿ, ತಿಳಿ. ಪ್ರತಿಯೊಂದಕ್ಕೂ ಇನ್ನೂ ಬಾರದ ದಿನದ ತಾರೀಖು, ಅವಳ ಸಹಿ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಎರಡು ಪೆನ್ನು ಬದಲಾಯಿಸುತ್ತಿದ್ದದ್ದು ಯಾರೂ ಹೇಳಿಕೊಟ್ಟದ್ದಲ್ಲ. ಅದು ಅವಳದೇ ಬುದ್ಧಿ.

ಟ್ಯೂಬುಗಳನ್ನು ಮಾತ್ರ ಯಾರೂ ಎಸೆಯುತ್ತಿರಲಿಲ್ಲ, ಹದಿನಾಲ್ಕು ದಿನ ಅಲ್ಲೇ ಇರುತ್ತಿದ್ದವು, ಮತ್ತು ಅವಳು ಸುಮ್ಮನೆ ನೋಡುತ್ತಿದ್ದಳು. ಹಾಲು ಕಾಯಲಿಟ್ಟವರು ಒಲೆ ಆರಿಸಿದ ಮೇಲೂ ಒಮ್ಮೆ ಇಣುಕುವ ಹಾಗೆ. ಐವತ್ತು ದಿನದ ಹಿಂದೆ, ಒಂದು ಬ್ಯಾಚಿನ ಹನ್ನೊಂದನೆಯ ದಿನ, ಹದಿನೇಳನೆಯ ಟ್ಯೂಬು ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಕಾಗಿತ್ತು. ರಿಜಿಸ್ಟರಿನಲ್ಲಿ ಆ ದಿನಕ್ಕೆ 'ತಿಳಿ' ಎಂದಾಗಲೇ ಬರೆದಾಗಿತ್ತು. ಬರೆದವಳು ತಾನೇ. ಬ್ಯಾಚು ಹೋಗಿ ಐದು ದಿನವಾಗಿತ್ತು. ಮೇಷ್ಟ್ರ ಬಳಿ ಒಯ್ದಳು. ಅವರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಿನ್ನ ಕೈ ಕಣಮ್ಮ," ಎಂದಿದ್ದರು, ಬೇಸರವಿಲ್ಲದೆ, ವೈದ್ಯರು ಜ್ವರ ಎಷ್ಟಿದೆ ಎಂದು ಹೇಳುವಂತೆ. "ಬೆರೆಸೋವಾಗ ಏನೋ ಸೇರಿಕೊಂಡಿದೆ. ನಿನ್ನ ಕೈ ತಪ್ಪು ಅಂತ ಬರೀಲಾ? ಬರೆದ್ರೆ ತನಿಖೆ ಆಗುತ್ತೆ, ನಿನಗೆ ಮತ್ತೆ ತರಬೇತಿ, ಆರು ತಿಂಗಳು ರಿಜಿಸ್ಟರ್ ಮುಟ್ಟೋ ಹಾಗಿಲ್ಲ. ಬೇಡ ಅಂದ್ರೆ ಬೇಡ." ಅವಳು "ಬೇಡ ಸರ್" ಎಂದಿದ್ದಳು. ಮಾರನೆಯ ದಿನ ಹದಿನೇಳನೆಯ ಜಾಗದಲ್ಲಿ ತಿಳಿಯಾದ ಟ್ಯೂಬು ನಿಂತಿತ್ತು. ಅಂದಿನಿಂದ ತನ್ನ ಕೈಯನ್ನು ಅವಳು ಬೇರೆಯವರದರಂತೆ ನೋಡುತ್ತಾಳೆ. ಕೈಯೇ ಇರಬಹುದೇ? ಆ ದಿನ ಸೀನಿದ್ದಳೇ? ಗ್ಲೌಸಿನಲ್ಲಿ ಸೂಜಿಮೊನೆಯಷ್ಟು ತೂತಿತ್ತೇ? ಇರಬಹುದು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಒಂದೇ ತೂಕ. ಕೊನೆಗೆ ಪತ್ರ ಬರೆಯಿಸಿದ್ದು ಧೈರ್ಯವಲ್ಲ. ಆ ತೂಕವನ್ನು ಬೇರೆ ಯಾರಾದರೂ ಹೊರಲಿ ಎಂಬ ಆಸೆ. ಪತ್ರದಲ್ಲಿ 'ಮುಂಚಿತವಾಗಿ ಬರೆಸಲಾಗುತ್ತಿದೆ' ಎಂದು ಬರೆದಳು. ಬರೆಯುತ್ತಿರುವುದು ಯಾರು ಎಂದು ಬರೆಯಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ರೇಡಿಯೋ ಆಗಲೇ ಶುರುವಾಗಿತ್ತು. ಪಕ್ಕದ ಮೇಜಿನಲ್ಲಿ ಬಾಟಲಿಗಳ ಅಳತೆ ನೋಡುವ ಹೆಂಗಸಿಗೆ ಆ ಹೆಸರು ಇಟ್ಟದ್ದು ಯಾರೋ, ಈಗ ಅವಳೇ ತನ್ನನ್ನು ಹಾಗೆ ಕರೆದುಕೊಳ್ಳುತ್ತಾಳೆ. "ಕೇಳಿದೆಯಾ? ಯಾರೋ ಸರ್ಕಾರಕ್ಕೆ ಬರೆದಿದ್ದಾರಂತೆ ಕಣೇ. ಔಷಧ ನಿಯಂತ್ರಣ ಕಚೇರಿಗೆ. ನಾಲ್ಕು ಪುಟ! ಅವರು ಅದನ್ನೇ ಕಾಪಿ ಮಾಡಿ, ಇದಕ್ಕೆ ವಿವರಣೆ ಕೊಡಿ ಅಂತ ನಮ್ಮವರಿಗೇ ಕಳಿಸಿದ್ದಾರೆ. ಕಳ್ಳನ ಮನೆಗೇ ಹೋಗಿ, ಸ್ವಾಮಿ ನಿಮ್ಮ ಮೇಲೆ ದೂರು ಬಂದಿದೆ, ನೀವೇ ವಿಚಾರಿಸಿ ಅಂದ ಹಾಗೆ."

"ಯಾರಂತೆ?" ತನ್ನ ದನಿ ತನಗೇ ತೆಳುವಾಗಿ ಕೇಳಿಸಿತು. ಟೋಪಿಯೊಳಗೆ ಕೂದಲು ತುರುಕುತ್ತಿದ್ದಳು. ಒಂದು ಎಳೆ ಮತ್ತೆ ಮತ್ತೆ ಹೊರಗೆ ಬರುತ್ತಿತ್ತು.

"ಇನ್ಯಾರು, ಹಬೆ ಮಾವ. ಬೆಳಿಗ್ಗೆ ಏಳಕ್ಕೇ ಕರೆಸಿದ್ರು. ಬಾಯಿ ಸುಮ್ಮನಿರುತ್ತಾ ಅವರದ್ದು? ಒಂದೊಂದು ಕೂಗಿಗೆ ಬಾಯ್ಲರೇ ಹೆದರುತ್ತೆ. ರಿಜಿಸ್ಟರ್ ಬರೆಯೋ ಎಂಟು ಜನಾನೂ ಒಬ್ಬೊಬ್ಬರನ್ನಾಗಿ ಕರೀತಾರಂತೆ. ನನ್ನದಾಯ್ತು, ಸಹಿ ಹಾಕಿ ಬಂದೆ. ನಿನಗೇನು ಬಿಡು, ನೀನು ಮೇಷ್ಟ್ರ ಪಟ್ಟಶಿಷ್ಯೆ."

ಪಟ್ಟಶಿಷ್ಯೆ. ಗುಣಮಟ್ಟ ವಿಭಾಗದ ಮುಖ್ಯಸ್ಥರು ಹಿಂದೆ ಯಾವುದೋ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಹದಿನೇಳು ವರ್ಷದ ಹಿಂದೆ, ಮೊದಲ ದಿನ, ಅವಳು ಅಂಕಿಯೊಂದನ್ನು ತಪ್ಪಾಗಿ ಬರೆದು ಅದರ ಮೇಲೇ ದಪ್ಪಗೆ ತಿದ್ದಿದಾಗ ಅವರು ಬೈಯಲಿಲ್ಲ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. "ತಪ್ಪು ಮಾಡೋದು ತಪ್ಪಲ್ಲಮ್ಮ, ಮುಚ್ಚೋದು ತಪ್ಪು. ಅಳಿಸಬಾರದು. ದಪ್ಪ ಮಾಡಬಾರದು. ಒಂದೇ ಗೆರೆ ಹೊಡಿ, ಕೆಳಗಿನ ಅಕ್ಷರ ಕಾಣುವಂತೆ. ಪಕ್ಕದಲ್ಲಿ ಸಹಿ, ತಾರೀಖು. ಬರೆದು ಹೊತ್ತು ಕಳೆದ ಮೇಲೆ ತಿದ್ದಿದ್ರೆ ಗಂಟೆನೂ ಬರಿ. ಮೊದಲು ಏನಂದಿದ್ದೆ, ಆಮೇಲೆ ಏನಂದೆ, ಯಾವಾಗ ಅಂದೆ, ಅಂದವಳು ಯಾರು. ಇಷ್ಟೂ ಓದೋಕೆ ಸಿಗಬೇಕು." ಅಪ್ಪ ಕೂಡ ಅವಳಿಗೆ ಅಷ್ಟು ಸಾವಧಾನವಾಗಿ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಹತ್ತೂವರೆಗೆ ಕರೆ ಬಂತು. ಮೇಷ್ಟ್ರ ಕೋಣೆಯಲ್ಲಿ ಎಂದಿನಂತೆ ಕಿಟಕಿ ತೆರೆದಿತ್ತು, ಮೇಜಿನ ಮೇಲೆ ಕನ್ನಡಕ, ನೀರಿನ ಲೋಟ, ಲೋಟದ ಮೇಲೆ ಮುಚ್ಚಿದ ತಟ್ಟೆ. ಕೂರು ಎಂದರು. ಒಂದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ತಳ್ಳಿದರು. ಮೂರನೆಯ ಪುಟ. ತನ್ನದೇ ನೆಟ್ಟಗಿನ ಅಕ್ಷರಗಳು ಕಾಪಿ ಯಂತ್ರದ ಕಪ್ಪಿನಲ್ಲಿ ಯಾರದೋ ಆಗಿ ನಿಂತಿದ್ದವು. 'ಹನ್ನೆರಡನೆಯ'. ಅದರ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಕಾಣುವಂತೆ. ಅದರ ಪಕ್ಕ, ಅಂಚಿನಲ್ಲಿ, ಉಗುರಿನಷ್ಟು ಅಗಲದ ಕಪ್ಪು ಮಚ್ಚೆ. ಮಾರ್ಕರಿನಿಂದ ಎರಡು ಸಲ ಉಜ್ಜಿದ್ದು.

"ಅಲ್ಲಿರೋ ಗುಮಾಸ್ತರು ಯಾರೋ ಒಳ್ಳೆಯವರು," ಎಂದರು ಮೇಷ್ಟ್ರು. "ಹೆಸರು ಮುಚ್ಚಿ ಕಳಿಸಿದ್ದಾರೆ. ಆದ್ರೆ ಎಲ್ಲಿ ಮುಚ್ಚಿದ್ದಾರೆ ನೋಡು."

ಅವಳು ನೋಡಿದಳು. ಹಾಕಿದ್ದಳು. ಹಾಗಾದರೆ ಹಾಕಿದ್ದಳು. ಬೆಳಿಗ್ಗೆಯಿಂದ ಕಾಡಿದ್ದಕ್ಕೆ ಉತ್ತರ ಸಿಕ್ಕಿತ್ತು, ಅದು ನೆಮ್ಮದಿಯಂತೆಯೇ ಇತ್ತು.

"ಸಹಿ ಇಲ್ಲದ ಪತ್ರದಲ್ಲಿ ತಿದ್ದುಪಡಿಗೆ ಸಹಿ!" ಮೇಷ್ಟ್ರು ನಕ್ಕರು. ನಗುವಿನಲ್ಲಿ ಬೇಸರವಿತ್ತು, ಅದರ ಹಿಂದೆ ಅವರಿಗೇ ತಿಳಿಯದ ಹೆಮ್ಮೆಯೂ ಇತ್ತು. "ಈ ಊರಲ್ಲಿ ಇಂಥಾ ಕೆಲಸ ಮಾಡೋರು ಎಂಟೇ ಜನ. ಎಂಟೂ ನಾನು ಕಲಿಸಿದ ಕೈ. ಏನು ಮಾಡ್ಲಿ ಹೇಳು?"

ಅವಳು ಮುಚ್ಚಿಟ್ಟ ನೀರಿನ ಲೋಟವನ್ನೇ ನೋಡುತ್ತಿದ್ದಳು. ಅವರು ಅದನ್ನು ಅವಳ ಕಡೆ ಸರಿಸಿದರು, ಕುಡಿದಳು.

"ನೀನಲ್ಲ ಅಂತ ನನಗೆ ಗೊತ್ತು. ಆ ರಿಜಿಸ್ಟರಿನಲ್ಲಿ ಇರೋದು ನಿನ್ನದೇ ಸಹಿ, ನಿನ್ನ ಕುತ್ತಿಗೆಗೆ ನೀನೇ ಹಗ್ಗ ಯಾಕೆ ಹಾಕ್ಕೊಳ್ತೀಯ? ಅಷ್ಟಕ್ಕೂ ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ. ಒಂದು ಬೆಕ್ಕು ಅಡ್ಡ ಬಂದ್ರೂ ದಾರಿ ಬಿಟ್ಟು ನಿಲ್ಲೋಳು ನೀನು." ಅದನ್ನು ಪ್ರೀತಿಯಿಂದಲೇ ಹೇಳಿದರು. ಹಿಡಿದುಬಿಟ್ಟರೆ ಎಂದು ಹೆದರಿ ಬಂದವಳಿಗೆ, ಸಿಕ್ಕಿಬೀಳುವಂಥದ್ದು ಮಾಡುವ ಧೈರ್ಯವೂ ಅವಳಲ್ಲಿಲ್ಲ ಎಂದು ಅವರು ತೀರ್ಮಾನಿಸಿದ್ದು ಎಲ್ಲಿಗೋ ಬಡಿಯಿತು. "ಆದ್ರೆ ಎಲ್ಲರ ಹತ್ರಾನೂ ಬರೆಸಿಕೊಳ್ಳಬೇಕು, ಮೇಲಿನವರ ಹುಕುಂ. ಇದಕ್ಕೊಂದು ಸಹಿ ಹಾಕು."

ಟೈಪು ಮಾಡಿದ ಹಾಳೆ. ಎರಡೇ ಸಾಲು. 'ಸದರಿ ದೂರನ್ನು ನಾನು ಬರೆದಿಲ್ಲ. ಅದರಲ್ಲಿ ಹೇಳಿರುವುದು ನಿಜವಲ್ಲ.' ಕೆಳಗೆ ಚುಕ್ಕೆಗಳ ಗೆರೆ.

"ಆರು ಜನ ಹಾಕಿದ್ದಾರೆ. ಹಬೆಯವನೊಬ್ಬ ಹಟ ಹಿಡಿದು ಕೂತಿದ್ದಾನೆ. ಮೊದಲನೇ ಸಾಲಿಗೆ ಬೇಕಾದ್ರೆ ಎರಡು ಸಹಿ ಹಾಕ್ತೀನಿ, ನಾನು ಬರೆದಿಲ್ಲ. ಎರಡನೇದಕ್ಕೆ ಹಾಕಲ್ಲ ಅಂತಾನೆ. ಯಾಕಯ್ಯಾ ಅಂದ್ರೆ, ಅದು ನಿಜ ತಾನೇ ಮೇಷ್ಟ್ರೇ ಅಂತಾನೆ, ನನ್ನ ಮುಖಕ್ಕೇ. ಹಾಗಂದ್ರೆ ಏನರ್ಥ ಆಯ್ತು? ಬರೆದವನು ಅವನೇ ಅಂತ ತಾನೇ? ಏಳು ತಿಂಗಳಿಗೆ ನಿವೃತ್ತಿ. ಇಪ್ಪತ್ತೊಂಬತ್ತು ವರ್ಷ ದುಡಿದದ್ದನ್ನ ಇವತ್ತು ಗೇಟಿನಾಚೆ ಎಸೆದು ಹೋಗ್ತಾನೆ. ಒಂದೂವರೆಗೆ ಮೇಲಿನವರು ಬರ್ತಾರೆ, ಅಷ್ಟರೊಳಗೆ ಇದು ಮುಗೀಬೇಕು."

ಅವಳು ಸಹಿ ಹಾಕಿದಳು. ಪೂರ್ತಿ ಸಹಿ, ತಾರೀಖು. ಕೈ ನಡುಗಲಿಲ್ಲ. ಇನ್ನೂ ಬಾರದ ದಿನಗಳಿಗೆ ಸಹಿ ಹಾಕಿ ಹಾಕಿ ಅದಕ್ಕೆ ನಡುಗುವುದು ಮರೆತೇಹೋಗಿತ್ತು.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಹಬೆ ಮಾವ ಕೂತಿದ್ದರು. ಬಾಟಲಿಗಳನ್ನು ಹಬೆಯಲ್ಲಿ ಕಾಯಿಸುವ ಆಳೆತ್ತರದ ಉಕ್ಕಿನ ಪೆಟ್ಟಿಗೆ ಅವರದ್ದು. ಅದರ ಮುಂದೆ ನಿಂತು ನಿಂತು ಮುಖ ಸದಾ ಸ್ನಾನದಿಂದ ಈಗಷ್ಟೇ ಎದ್ದು ಬಂದವರ ಹಾಗೆ. ಇವತ್ತು ಮಾತ್ರ ಒಣಗಿತ್ತು. ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಿದ್ದರು, ಏನು ಮಾಡಬೇಕೆಂದು ಆ ಕೈಗಳಿಗೆ ಯಾರೋ ಹೇಳಬೇಕಿತ್ತು ಎನ್ನುವ ಹಾಗೆ.

"ಹಾಕ್ದೆಯಾ ತಾಯಿ?"

"ಹಾಕ್ದೆ ಮಾವ."

"ಒಳ್ಳೇದಾಯ್ತು. ಅತ್ತೆದು ಇನ್ನೊಂದು ಕಣ್ಣು ಬಾಕಿ ಇದೆ ಅಲ್ವಾ." ಊಟದ ಚೀಲವನ್ನು ಪಕ್ಕಕ್ಕೆ ಸರಿಸಿ ಅಂದರು, "ಪತ್ರ ನೋಡ್ದೆ. ಬರೆದೋರು ಯಾರೋ, ಚೆನ್ನಾಗಿ ಬರೆದಿದ್ದಾರೆ. ನಾನಾಗಿದ್ರೆ ಮೊದಲನೇ ಸಾಲಲ್ಲೇ ನಾಲ್ಕು ಬೈಗುಳ ಬರ್ತಿತ್ತು. ಇಷ್ಟು ದಿನ ನನ್ನ ಜೊತೆ ಇದ್ದೂ ಮೇಷ್ಟ್ರಿಗೆ ಅದೂ ಗೊತ್ತಾಗಲಿಲ್ಲ, ನೋಡು."

ನಕ್ಕರು. ಅವಳೂ ನಕ್ಕಳು, ಮುಖದ ಅರ್ಧದಲ್ಲಿ. ಅವರಿಗೆ ಗೊತ್ತಿರಬಹುದೇ? ಗೊತ್ತಿದ್ದೂ ಹೀಗೆ ಕೂತಿದ್ದರೆ ಅದು ಅವಳಿಗೆ ಕೊಡುತ್ತಿರುವ ದಾನ. ಗೊತ್ತಿಲ್ಲದೆ ಕೂತಿದ್ದರೆ ಅವಳು ಮಾಡುತ್ತಿರುವ ಕಳವು. ಯಾವುದು ಎಂದು ಕೇಳಲು ಆಗುವುದಿಲ್ಲ. "ಎರಡನೇ ಸಾಲಿಗೂ ಹಾಕಿಬಿಡಿ ಮಾವ," ಎಂದಳು, ನೆಲ ನೋಡುತ್ತ. "ಯಾರಿಗಾಗಿ ಇದೆಲ್ಲಾ?"

"ಯಾರಿಗೂ ಅಲ್ಲ ತಾಯಿ. ಹಾಕೋಕೆ ಕೂತೆ, ಕೈ ಬರಲಿಲ್ಲ. ಅಷ್ಟೇ."

ಕಾವುಪೆಟ್ಟಿಗೆಯ ಬಾಗಿಲು ತೆರೆದರೆ ಮಲಗಿದ ಮಗುವಿನ ಮೈಯಿಂದ ಬರುವಂಥ ಬಿಸಿ ಮುಖಕ್ಕೆ ತಾಗಿತು. ಹೊಸ ಬ್ಯಾಚು, ಐದನೆಯ ದಿನ. ಇಪ್ಪತ್ತು ಟ್ಯೂಬುಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದಳು. ತಿಳಿ. ಎಲ್ಲವೂ ತಿಳಿ, ಆಚೆ ಬದಿಯ ತನ್ನ ಬೆರಳಿನ ಗೆರೆಗಳು ಕಾಣುವಷ್ಟು ತಿಳಿ. ರಿಜಿಸ್ಟರು ಬಿಡಿಸಿ ಐದನೆಯ ಮನೆ ತುಂಬಿದಳು. ಆರನೆಯ ಮನೆಯ ಮೇಲೆ ಪೆನ್ನು ನಿಂತಿತು. ನಾಳೆ. ನಾಳೆ ಈ ಟ್ಯೂಬುಗಳು ಹೇಗಿರುತ್ತವೆ? ಗೊತ್ತಿಲ್ಲ. ಎಷ್ಟು ಸರಳವಾದ ಮಾತು, ಗೊತ್ತಿಲ್ಲ. ಇಡೀ ವರ್ಷ ಒಂದು ಸಲವೂ ಅದನ್ನು ಎಲ್ಲೂ ಬರೆದಿರಲಿಲ್ಲ, ಬರೆಯಲು ಅಲ್ಲಿ ಮನೆಯೇ ಇರಲಿಲ್ಲ. ಬೆನ್ನ ಹಿಂದಿನಿಂದ ರೇಡಿಯೋ ಇಣುಕಿದಳು. "ಏನೇ, ಪೆನ್ನು ಮುಗೀತಾ?"

"ಊಟ ಮಾಡಿ ಬರೀತೀನಿ," ಎಂದು ಎದ್ದಳು.

ಫೋನು ಬೀರುವಿನಲ್ಲಿಟ್ಟು ಒಳಗೆ ಹೋಗುವ ಪದ್ಧತಿ. ತೆಗೆದಾಗ ಗಂಡನ ಮೂರು ಕರೆ ಇದ್ದವು. ಕ್ಯಾಂಟೀನಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ಮಾಡಿದಳು. "ಆಸ್ಪತ್ರೆಯಿಂದ ಫೋನ್ ಬಂದಿತ್ತು," ಎಂದ. "ಅಮ್ಮನ ಬಲಗಣ್ಣಿಗೆ ಮುಂದಿನ ತಿಂಗಳು ಒಂಬತ್ತಕ್ಕೆ ಇಟ್ಕೊಂಡಿದ್ದಾರೆ. ನಿಮ್ಮ ಕಂಪನಿ ಇನ್ಶೂರೆನ್ಸ್ ಕಾರ್ಡಿನ ಮೇಲೇ ಅಲ್ವಾ? ಒಂದು ಪತ್ರ ಬೇಕಂತೆ, ನೀನಿನ್ನೂ ಅಲ್ಲಿ ಕೆಲಸದಲ್ಲಿದ್ದೀಯ ಅಂತ." ಅವಳು ಹೂಂ ಎಂದಳು. ಆ ಪತ್ರಕ್ಕೂ ಸಹಿ ಹಾಕುವವರು ಮೇಷ್ಟ್ರೇ. "ಯಾಕೆ ದನಿ ಹೀಗಿದೆ?" ಎಂದ. ನೆಲದ ಮೇಲೆ ಅವನ ಕಾಲು ಒತ್ತಿದ್ದು ಅವಳಿಗೆ ಇಲ್ಲಿಂದಲೇ ಕಂಡಂತಾಯಿತು. "ಇರು, ಅಮ್ಮ ಏನೋ ಕೇಳಬೇಕಂತೆ."

"ಏ, ಇಲ್ಲಿ ಕೇಳೇ," ಅತ್ತೆಯ ದನಿ ಫೋನಿನಲ್ಲಿ ಯಾವಾಗಲೂ ಕೂಗಿನಷ್ಟಿರುತ್ತದೆ. "ಇವನ ಕೈಲಿ ಹನಿ ಹಾಕಿಸ್ಕೊಂಡೆ. ಅರ್ಧ ಕಿವಿಗೆ ಹಾಕ್ದ. ಈಗ ಗುರುತು ಎಲ್ಲಿ ಹಾಕ್ಲಿ? ಹನ್ನೆರಡರ ಮನೇನ ನೀನು ಬೆಳಿಗ್ಗೇನೇ ಹೊಡೆದುಹಾಕಿದ್ದೀಯಲ್ಲ, ಸಹಿ ಬೇರೆ ಮಾಡಿ."

"ಪಕ್ಕದಲ್ಲಿ ಹಾಕಿ ಅತ್ತೆ. ಹಾಕಿ ಗಂಟೆ ಬರೀರಿ."

"ಹನ್ನೆರಡು ಅಂತ ಬರೀಲಾ?"

"ಈಗ ಎಷ್ಟಾಗಿದೆ?"

"ಹನ್ನೆರಡೂ ನಲವತ್ತು. ತಡ ಆಯ್ತು, ಇವನು ಬಂದಿದ್ದೇ ತಡ. ಡಾಕ್ಟರು ಬೈದ್ರೆ? ಹನ್ನೆರಡು ಅಂತಲೇ ಹಾಕಿಬಿಡ್ತೀನಿ, ಯಾರಿಗೆ ಗೊತ್ತಾಗುತ್ತೆ."

"ಬೇಡ," ಎಂದಳು. ಮೆಟ್ಟಿಲ ಕೆಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸು ತಲೆ ಎತ್ತಿ ನೋಡುವಷ್ಟು ಜೋರಾಗಿ ಬಂತು ಮಾತು. "ಹನ್ನೆರಡೂ ನಲವತ್ತು ಅಂತಲೇ ಬರೀರಿ. ಬೈದ್ರೆ ಬೈತಾರೆ."

ಅತ್ತೆ ಪೆನ್ನು ಹುಡುಕಿದ ಸದ್ದು ಕೇಳಿತು. "ಸಹಿನೂ ಮಾಡ್ಲಾ?" ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

"ಮಾಡಿ ಅತ್ತೆ."

ಫೋನು ಇಟ್ಟಳು. ಊಟದ ಡಬ್ಬಿ ತೆರೆಯಲಿಲ್ಲ. ಒಂಬತ್ತನೇ ತಾರೀಖು, ಬಲಗಣ್ಣು, ಪತ್ರ. ಇವು ಮೂರೂ ಸಾಲಾಗಿ ನಿಂತಿದ್ದವು, ಯಾವುದನ್ನೂ ಅವಳು ಪಕ್ಕಕ್ಕೆ ತಳ್ಳಲಿಲ್ಲ, ತಳ್ಳಿದರೆ ಅವು ಇರುವುದೇನೂ ಬಿಡುವುದಿಲ್ಲ. ಬೇರೆ ಕೆಲಸ ಎಲ್ಲಿ ಸಿಕ್ಕೀತು? ಇನ್ನೂ ಬಾರದ ದಿನಗಳನ್ನು ನೋಡಿದ್ದೇನೆಂದು ಬರೆದವಳನ್ನು ಯಾವ ಲ್ಯಾಬು ಒಳಗೆ ಬಿಟ್ಟೀತು? ಬಿಡಬಾರದು ಕೂಡ, ಎಂದುಕೊಂಡಳು, ಮತ್ತು ಆ ಯೋಚನೆ ವಿಚಿತ್ರವಾಗಿ ಹಗುರವಾಗಿತ್ತು. ಮೊಗಸಾಲೆಗೆ ಬಂದರೆ ಬೆಂಚು ಖಾಲಿ. ಹಬೆ ಮಾವನ ಊಟದ ಚೀಲ ಮಾತ್ರ ಅಲ್ಲಿತ್ತು. ಅವರು ಎದ್ದು ಹೋದರೋ, ಎಬ್ಬಿಸಿ ಕರೆದುಕೊಂಡು ಹೋದರೋ. ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು.

ಮೇಷ್ಟ್ರು ಏಳು ಹಾಳೆಗಳನ್ನು ಸೇರಿಸಿ ಪಿನ್ನು ಹಾಕುತ್ತಿದ್ದರು. ಪಕ್ಕದಲ್ಲಿ ಎಂಟನೆಯದು, ಸಹಿಯಿಲ್ಲದ್ದು, ಒಂಟಿಯಾಗಿತ್ತು. ಕನ್ನಡಕ ಮೇಜಿನ ಮೇಲಿರಲಿಲ್ಲ. "ಏನಮ್ಮ?"

"ಸರ್, ನನ್ನ ಹಾಳೇಲಿ ಒಂದು ತಪ್ಪಾಗಿದೆ."

"ತಾರೀಖಾ?" ಅವರು ನಿಟ್ಟುಸಿರು ಬಿಟ್ಟು ಪಿನ್ನು ತೆಗೆದರು, ಕಣ್ಣು ಕಿರಿದು ಮಾಡಿ ಅವಳದನ್ನು ಹುಡುಕಿ ತೆಗೆದು ಮುಂದಿಟ್ಟರು. ಅವಳು ಜೇಬು ಮುಟ್ಟಿನೋಡಿಕೊಂಡದ್ದನ್ನು ಕಂಡು ತಮ್ಮದೇ ಪೆನ್ನು ಕೊಟ್ಟರು. "ಬೇಗ ಸರಿಮಾಡು, ಅವರು ಬರೋ ಹೊತ್ತಾಯ್ತು. ಗೊತ್ತಲ್ಲ, ಅಳಿಸಬೇಡ."

"ಗೊತ್ತು ಸರ್."

ಕೂರಲಿಲ್ಲ. ಮೇಜಿನ ಮೇಲೆ ಬಾಗಿ, ಎಡಗೈಯಿಂದ ಹಾಳೆ ಹಿಡಿದು, 'ಬರೆದಿಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಮೇಲೆ ಬರೆದಳು: ಬರೆದಿದ್ದೇನೆ. ಎರಡನೆಯ ಸಾಲಿನಲ್ಲಿ 'ನಿಜವಲ್ಲ' ಎಂಬುದರ ಮೇಲೆ ಇನ್ನೊಂದು ಗೆರೆ. ನಿಜ. ಅಲ್ಲಿಗೆ ನಿಲ್ಲಬಹುದಿತ್ತು. ನಿಲ್ಲದೆ, ಚುಕ್ಕೆಗಳ ಗೆರೆಯ ಕೆಳಗೆ ಉಳಿದ ಬಿಳಿ ಜಾಗದಲ್ಲಿ, ತನ್ನದೇ ಓರೆ ಅಕ್ಷರದಲ್ಲಿ, 'ರಿಜಿಸ್ಟರಿನಲ್ಲಿ ಮುಂಚಿತವಾಗಿ ಬರೆದವಳೂ ನಾನೇ' ಎಂದು ಸೇರಿಸಿದಳು. ಮೂರು ಕಡೆಯೂ ಕಿರುಸಹಿ, ತಾರೀಖು. ಮೂರನೆಯ ಸಹಿಯ ಬಾಲ ಹಾಳೆಯ ಅಂಚು ದಾಟಿ ಮೇಜಿನ ಮರಕ್ಕೆ ಹೋಯಿತು.

"ಆಯ್ತಾ?" ಮೇಷ್ಟ್ರು ಅವಳನ್ನು ನೋಡುತ್ತಿರಲಿಲ್ಲ. ಜೇಬು ತಡಕಿಕೊಂಡರು, ಡ್ರಾಯರು ಎಳೆದರು. "ನನ್ನ ಕನ್ನಡಕ ಎಲ್ಲಿಟ್ಟೆ?"

ಅದು ಅವರ ತಲೆಯ ಮೇಲೇ ಇತ್ತು. ಅವಳು ಹೇಳಲಿಲ್ಲ. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದಳು. ಒಂದು ಗಂಟೆ ಹನ್ನೊಂದು ನಿಮಿಷ. ಮುಳ್ಳು ಹನ್ನೆರಡನೆಯ ನಿಮಿಷಕ್ಕೆ ಸರಿಯುವ ಮೊದಲು, ಮೂರು ಸಹಿಗಳ ಕೆಳಗೂ ಅದನ್ನೇ ಬರೆದಳು.